ಆಯಿ ಟೊಂಕದ ಮೇಲಿನ ಆಸ್ಪತ್ರೆ

ಕಾಯ್ದೆ ಇದೆ. ಕಾರ್ಡ್ ಇದೆ. ಪಂಚಾಯಿತಿಗೊಬ್ಬ ಕಾರ್ಯಕರ್ತರೂ ಇದ್ದಾರೆ. ಆದರೆ ಕಬ್ಬಿನ ಹಂಗಾಮು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಎಷ್ಟೋ ಮನೆಗಳಲ್ಲಿ ಉಳಿಯುವುದು ಒಬ್ಬ ಮುದುಕಿ ಮತ್ತು ಎದ್ದು ನಿಲ್ಲಲಾಗದ ಒಂದು ಕೂಸು. ಸಮುದಾಯವೇ ಗುಳೆ ಹೊರಟರೆ ಸಮುದಾಯಾಧಾರಿತ ಪುನರ್ವಸತಿ ಯಾರ ಕೈಯಲ್ಲಿ?

2019ರ ಡಿಸೆಂಬರ್ 26. ಎಳ್ಳ ಅಮಾವಾಸ್ಯೆ. ಭೀಮೆಯ ಆಚೀಚೆ ದಂಡೆಯ ಊರುಗಳಲ್ಲಿ ಅದು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ತೆನೆ ಕಟ್ಟುತ್ತಿರುವ ಬಿಳಿಜೋಳದ ನಡುವೆ ಚರಗ ಚೆಲ್ಲಿ, ಬೀಗರು ನೆಂಟರು ಕೂಡಿ ಉಣ್ಣುವ ಹಬ್ಬ.

ಆ ವರ್ಷ ಅಮಾವಾಸ್ಯೆಯ ಬೆಳಿಗ್ಗೆಯೇ ಸೂರ್ಯಗ್ರಹಣ. ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಗುಂಡಿ ತೋಡಿ, ನಡೆಯಲಾಗದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣ ಬಿಡುವ ತನಕ ಮಣ್ಣಿನಲ್ಲಿದ್ದರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಚಳಿಗೆ ನಡುಗುತ್ತ ಅಳುವ ಮಕ್ಕಳ ದೃಶ್ಯ ಟಿ.ವಿ.ಗಳಲ್ಲಿ ಹರಿದಾಡಿತು.

ಸ್ಟುಡಿಯೊಗಳಲ್ಲಿ ಸಿಟ್ಟು ಉಕ್ಕಿತು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ರಾಜ್ಯದ ಕಾಯ್ದೆ, ಕಾಕತಾಳೀಯವೋ ಏನೋ, 2020ರ ಜನವರಿಯಲ್ಲಿ ಜಾರಿಗೂ ಬಂತು. ಸಿಟ್ಟು ನ್ಯಾಯವೇ. ಆದರೆ ಆ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಹಿಂದೆ ಬಿತ್ತು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಯಾರಾದರೂ ಆ ತಾಯಂದಿರ ಅಂಗಳಕ್ಕೆ ಬಂದು, ‘ಈ ಕೂಸಿಗೆ ದಿನಾ ಇಂಥದ್ದು ಮಾಡ್ರಿ’ ಎಂದು ಕೈಹಿಡಿದು ಕಲಿಸಿದ್ದರೆ?

ಮಾಡಲು ಏನೂ ತೋಚದ ಮನೆಗೆ ಗ್ರಹಣವಾದರೂ ಮಾಡುವ ಕೆಲಸವೊಂದನ್ನು ಕೊಡುತ್ತದೆ. ಇದನ್ನು ಒಪ್ಪುವುದು ಕಷ್ಟ, ಆದರೆ ಒಪ್ಪದೆ ಮುಂದಿನ ಮಾತು ಆಡಲಾಗದು.

ತಾಜಸುಲ್ತಾನಪುರ ಕಲಬುರಗಿಯದು. ಪಕ್ಕದ ಸಿಂದಗಿ ವಿಜಯಪುರದ್ದು. ನಂಬಿಕೆಗಳು ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ, ಅಸಹಾಯಕತೆಯೂ ಅಷ್ಟೆ.

ಊರು ಖಾಲಿಯಾಗುವ ಹಂಗಾಮು

ದೀಪಾವಳಿ ದಾಟಿತೆಂದರೆ ಈ ಸೀಮೆಯ ಹಳ್ಳಿ, ತಾಂಡಾಗಳಿಗೆ ಟ್ರ್ಯಾಕ್ಟರ್, ಟೆಂಪೊಗಳು ಬಂದು ನಿಲ್ಲುತ್ತವೆ. ಕೆಲವರು ಕಬ್ಬು ಕಡಿಯುವ ಗ್ಯಾಂಗ್ ಸೇರಿ ಬಾಗಲಕೋಟೆ, ಬೆಳಗಾವಿ, ಆಚೆಯ ಸಾಂಗ್ಲಿ, ಕೊಲ್ಹಾಪುರದ ಕಡೆ ಹೊರಡುತ್ತಾರೆ. ಕೆಲವರು ಗೋವಾ, ಪುಣೆ, ಮುಂಬೈ, ಮಂಗಳೂರಿಗೆ ಕಟ್ಟಡ, ರಸ್ತೆ ಕೆಲಸಕ್ಕೆ. ಇಂಡಿ ಎಂದರೆ ನಿಂಬೆ, ಬಸವನಬಾಗೇವಾಡಿ ಎಂದರೆ ಬಸವಣ್ಣ ಹುಟ್ಟಿದ ನೆಲ, ಅದರ ಮಗ್ಗುಲಿನ ನಿಡಗುಂದಿ ಎಂದರೆ ಆಲಮಟ್ಟಿ ಜಲಾಶಯ ಎಂದು ಹೊರಗಿನವರು ಗುರುತಿಸಬಹುದು. ಒಳಗಿನವರಿಗೆ ಗುಳೆಯೇ ಗುರುತು.

ಕಬ್ಬಿನ ಗ್ಯಾಂಗಿನ ಲೆಕ್ಕ ಜೋಡಿಯದು. ಗಂಡ ಕಡಿಯಬೇಕು, ಹೆಂಡತಿ ಸಿವುಡು ಕಟ್ಟಿ ಹೊರಬೇಕು. ಮುಂಗಡವೂ ಜೋಡಿಗೇ. ‘ನನ್ನ ಮಗನಿಗೆ ನಡೆಯಲು ಬರುವುದಿಲ್ಲ, ನಾನು ಮನೆಯಲ್ಲಿರುತ್ತೇನೆ’ ಎಂದು ತಾಯಿ ಹೇಳಿದರೆ ಜೋಡಿ ಒಡೆಯಿತು, ಮುಂಗಡ ಹೋಯಿತು. ಹಾಗಾಗಿ ಅವಳು ಹೋಗುತ್ತಾಳೆ. ಮಗುವನ್ನು ಕಬ್ಬಿನ ಗದ್ದೆಯ ಗುಡಿಸಲಿಗೆ ಕರೆದೊಯ್ದರೆ ಒಂದು ಕಷ್ಟ, ಊರಲ್ಲಿ ಬಿಟ್ಟರೆ ಇನ್ನೊಂದು. ಬಿಟ್ಟಾಗ ಅದನ್ನು ನೋಡಿಕೊಳ್ಳುವವಳು ಆಯಿ. ಇಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ.

ದೀಪಾವಳಿಯಿಂದ ಯುಗಾದಿವರೆಗೆ ಸುಮಾರು ಐದು ತಿಂಗಳು. ಎಲುಬು ಬಲಿಯುವ ವಯಸ್ಸಿನ ಮಗುವಿನ ಬಾಳಿನಲ್ಲಿ ಐದು ತಿಂಗಳು ಸಣ್ಣ ಅವಧಿಯಲ್ಲ. ಬಿಗಿದ ಸ್ನಾಯುವನ್ನು ದಿನಾ ಎಳೆದು ಸಡಿಲಿಸದಿದ್ದರೆ ಮೊಣಕಾಲು ಮಡಚಿದಲ್ಲೇ ಗಟ್ಟಿಯಾಗುತ್ತದೆ. ಹುಟ್ಟಿನಿಂದ ಒಳತಿರುಗಿದ ಪಾದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಬೇಕು. ಪಾದ ನೇರವಾದ ಮೇಲೂ ನಾಲ್ಕು ವರ್ಷದ ತನಕ ರಾತ್ರಿ ಬ್ರೇಸ್ ತೊಡಿಸಬೇಕು. ನಡುವೆ ತಪ್ಪಿದರೆ ಪಾದ ಮತ್ತೆ ತಿರುಗುತ್ತದೆ. ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿಗೆ ಶಸ್ತ್ರಚಿಕಿತ್ಸೆ ಅರ್ಧ ಕೆಲಸ. ಉಳಿದರ್ಧ ತಿಂಗಳುಗಟ್ಟಲೆ ನಡೆಯುವ ಮಾತಿನ ತರಬೇತಿ. ಇವೆಲ್ಲ ಒಂದೇ ಕಡೆ ನೆಲೆ ನಿಂತವರಿಗೆ ಬರೆದ ಚಿಕಿತ್ಸೆಗಳು.

ಜಿನೀವಾದಿಂದ ಹೊರಟ ಉಪಾಯ

ಸಮುದಾಯಾಧಾರಿತ ಪುನರ್ವಸತಿ ಎಂಬ ಉಪಾಯ ಹುಟ್ಟಿದ್ದು ಎಪ್ಪತ್ತರ ದಶಕದ ಕೊನೆಗೆ. ಪ್ರಾಥಮಿಕ ಆರೋಗ್ಯವೇ ಮೂಲ ಎಂದು ಸಾರಿದ 1978ರ ಅಲ್ಮಾ–ಅಟಾ ಘೋಷಣೆಯ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಸ್ವೀಡನ್ನಿನ ವೈದ್ಯ ಐನಾರ್ ಹೆಲಾಂಡರ್ ಮತ್ತು ಸಂಗಡಿಗರು ಚಿತ್ರಗಳ ಕೈಪಿಡಿಯೊಂದನ್ನು ಮಾಡಿದರು. ಲೆಕ್ಕ ಸರಳ: ಬಡ ದೇಶಗಳಲ್ಲಿ ಫಿಸಿಯೋಥೆರಪಿಸ್ಟರು ಹಳ್ಳಿಗೆ ಬರುವುದನ್ನು ಕಾಯುತ್ತ ಕೂತರೆ ಒಂದು ತಲೆಮಾರೇ ಕಳೆದುಹೋಗುತ್ತದೆ. ಊರಿನವರೊಬ್ಬರಿಗೆ ಕಲಿಸಿ, ಅವರು ಮನೆಯವರಿಗೆ ಕಲಿಸಲಿ.

ಮೊದಮೊದಲು ಇದು ವ್ಯಾಯಾಮದ ಪಾಠವಷ್ಟೇ ಆಗಿತ್ತು. 2010ರ ಮಾರ್ಗಸೂಚಿ ಹೊತ್ತಿಗೆ ಆರೋಗ್ಯದ ಜೊತೆ ಶಿಕ್ಷಣ, ದುಡಿಮೆ, ಸಾಮಾಜಿಕ ಬದುಕು, ಹಕ್ಕಿನ ಬಲ ಎಲ್ಲವೂ ಸೇರಿಕೊಂಡವು.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿ ಕಟ್ಟಿದ್ದು 1959ರಲ್ಲೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರದ್ದು. ದೃಷ್ಟಿ ಇಲ್ಲದ ಬಿ. ವೆಂಕಟೇಶ್ 1987ರಲ್ಲಿ ಬೆಂಗಳೂರಿನಿಂದ ಶುರುಮಾಡಿದ ಎಡಿಡಿ ಇಂಡಿಯಾ, ಹಳ್ಳಿಯ ಅಂಗವಿಕಲರು ತಾವೇ ಸಂಘ ಕಟ್ಟಿಕೊಂಡು ಹಕ್ಕು ಕೇಳಲಿ ಎಂಬ ದಾರಿ ಹಿಡಿಯಿತು. ಹೆಸರುಗಳನ್ನು ನೋಡಿ: ಬೆಂಗಳೂರು, ಮೈಸೂರು. ಭೀಮಾ ತೀರಕ್ಕೆ ಈ ಗಾಳಿ ಬೀಸಲು ತಡವಾಯಿತು.

ಉತ್ತರ ಕರ್ನಾಟಕಕ್ಕೆ ತನ್ನದೇ ಒಂದು ಮಾದರಿ ಇತ್ತು, ಅದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು, ಅವರ ನಂತರ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟರು. ಇಂದಿಗೂ ಕುರುಡು ಮಗು ಹುಟ್ಟಿದರೆ ಓಣಿಯ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು, ‘ಗದಗಿನ ಆಶ್ರಮಕ್ಕ ಬಿಡ್ರಿ, ಹಾಡಾಕ ಕಲೀತೈತಿ.’

ಆ ಆಶ್ರಮದ ಋಣ ದೊಡ್ಡದು. ಆದರೆ ಹಾಡಲು ಬಾರದ ಕುರುಡು ಮಗು? ಕಣ್ಣಿದ್ದೂ ಗೋಣು ನಿಲ್ಲದ ಮಗು? ಮಗುವನ್ನು ಒಳ್ಳೆಯ ಕಡೆ ಒಪ್ಪಿಸಿ ಬಂದ ಊರು ತನ್ನ ಶಾಲೆಯನ್ನೂ ಬಾವಿಕಟ್ಟೆಯನ್ನೂ ಇದ್ದ ಹಾಗೇ ಇಟ್ಟುಕೊಳ್ಳುತ್ತದೆ. ಪುಣ್ಯಾಶ್ರಮದ ಪುಣ್ಯವನ್ನು ಊರುಗಳು ಹೀಗೆ ತಮ್ಮ ಖಾತೆಗೂ ಬರೆದುಕೊಂಡವು ಎಂದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಕೌದಿ, ಗೋಡೆಮೂಲೆ, ಟೊಂಕ

ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮನೆಯಲ್ಲಿ ಕಾರ್ಯಕರ್ತರು ಮೊದಲು ನೋಡುವುದು ಕಾಲನ್ನಲ್ಲ, ಊಟವನ್ನು. ಹೆಚ್ಚಿನ ಕಡೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿರುವಾಗ ಬಾಯಿಗೆ ಗಂಜಿ ಸುರಿಯುತ್ತಾರೆ. ನುಂಗಲು ಕಷ್ಟಪಡುವ ಮಗುವಿಗೆ ಅದು ಅಪಾಯ. ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ, ಮತ್ತೆ ಮತ್ತೆ ಎದೆ ಕಟ್ಟುತ್ತದೆ, ‘ಕೂಸಿಗೆ ಥಂಡಿ ಆಗೇತಿ’ ಎಂದು ಔಷಧದ ಅಂಗಡಿಗೆ ಓಡುತ್ತಾರೆ.

‘ಆಯಿ, ಮಲಗಿಸಿ ಹಾಕಬ್ಯಾಡ್ರಿ. ಕುಂಡ್ರಿಸಿಕೊಂಡು, ಗೋಣು ಚೂರು ಮುಂದ ಬಾಗಿಸಿ ಹಾಕ್ರಿ.’

‘ತಮ್ಮಾ, ಆರು ಮಕ್ಕಳ್ನ ಹಡದು ಬೆಳೆಸಿದಾಕಿ ನಾನು. ನೀ ನನಗ ಉಣಸೂದು ಕಲಸಾಕ ಬಂದಿ?’

ಇಂಥ ಮಾತುಕತೆ ನಡೆಯದ ಮನೆ ಅಪರೂಪ. ಗೆಲ್ಲುವುದು ವಾದದಿಂದಲ್ಲ. ಕಾರ್ಯಕರ್ತರೇ ಕೂತು, ಮಗುವಿನ ಬೆನ್ನಿಗೆ ಎದೆ ಕೊಟ್ಟು, ನಾಲ್ಕು ತುತ್ತು ಉಣಿಸಿ ತೋರಿಸಬೇಕು. ಮಗು ಕೆಮ್ಮದೆ ನುಂಗಿತೆಂದರೆ ಆಯಿ ಮುಂದಿನ ಮಾತು ಕೇಳುತ್ತಾಳೆ.

ಮುಂದಿನ ಮಾತಿಗೆ ಬೇಕಾದ ಸಾಮಾನು ಮನೆಯಲ್ಲೇ ಇದೆ. ಹಳೆಯ ಸೀರೆಗಳ ಕೌದಿಯನ್ನು ಬಿಗಿಯಾಗಿ ಸುತ್ತಿದರೆ ಅದೇ ಸುರುಳಿ ದಿಂಬು. ಎದೆಯ ಕೆಳಗೆ ಅದನ್ನಿಟ್ಟು ಬೋರಲು ಮಲಗಿಸಿ ಮುಂದೊಂದು ಗಿಲಿಕೆ ಆಡಿಸಿದರೆ ಮಗು ಗೋಣು ಎತ್ತಲು ಹೆಣಗುತ್ತದೆ. ಆ ಹೆಣಗಾಟವೇ ವ್ಯಾಯಾಮ. ಎರಡು ಗೋಡೆ ಕೂಡುವ ಮೂಲೆಗೆ ದಿಂಬು ಒತ್ತಿ ಕೂರಿಸಿದರೆ ಭುಜ ಮುಂದಕ್ಕೆ ಬಂದು ಬೆನ್ನು ನಿಲ್ಲುತ್ತದೆ. ನಗರದ ಥೆರಪಿ ಕೇಂದ್ರಗಳಲ್ಲಿ ಇದೇ ಕೆಲಸಕ್ಕೆ ಮರದ ಕಾರ್ನರ್ ಚೇರ್ ಇರುತ್ತದೆ. ಅಂಗಳದಲ್ಲಿ ಎರಡು ಬಿದಿರು ಗಳುಗಳನ್ನು ಮಗುವಿನ ಟೊಂಕದ ಎತ್ತರಕ್ಕೆ ಅಡ್ಡ ಕಟ್ಟಿದರೆ ಹಿಡಿದು ನಡೆಯುವ ಕಟಕಟೆ. ಇಂಡಿ ಕಡೆಯಾದರೆ ನಿಂಬೆಹಣ್ಣುಗಳನ್ನು ದೊಡ್ಡದು, ಸಣ್ಣದು, ಹಳದಿ, ಹಸಿರು ಎಂದು ಬುಟ್ಟಿಗೆ ವಿಂಗಡಿಸುವುದು ಕಲಿಕೆ ನಿಧಾನವಿರುವ ಮಗುವಿಗೆ ಬೆರಳಿನ ಕೆಲಸವೂ ಹೌದು, ಗಣಿತವೂ ಹೌದು. ರೊಟ್ಟಿ ಬಡಿಯುವ ತಾಯಿಯ ಎದುರು ಮುಷ್ಟಿ ಬಿಗಿದ ಮಗುವನ್ನು ಕೂರಿಸಿ ಒಂದು ಉಂಡೆ ಹಿಟ್ಟು ಕೊಟ್ಟರೆ ಮುಷ್ಟಿ ತೆರೆಯುವ ಪಾಠ ಅಲ್ಲೇ ಆಗುತ್ತದೆ.

ಎಲ್ಲಕ್ಕಿಂತ ಸೊಗಸಾದ ಸಂಗತಿ ಟೊಂಕದ್ದು. ಸ್ನಾಯು ಬಿಗಿದ ಮಗುವಿನ ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಅಂಥ ಮಗುವನ್ನು ಎರಡೂ ಕೈಗಳ ಮೇಲೆ ಅಡ್ಡಡ್ಡ ಎತ್ತಿಕೊಂಡು ಓಡಾಡಿದರೆ ಬಿಗಿತ ಹೆಚ್ಚುತ್ತದೆ. ಕಾಲು ಅಗಲಿಸಿ, ಎತ್ತಿಕೊಂಡವರ ಸೊಂಟದ ಒಂದು ಬದಿಗೆ ಕೂರಿಸಿಕೊಳ್ಳಬೇಕು ಎಂದು ಥೆರಪಿಯ ಪುಸ್ತಕಗಳು ಹೇಳುತ್ತವೆ. ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡೇ ನೀರು ತರುವ, ಒಲೆ ಉರಿಸುವ ಆಯಿ ಅದನ್ನು ಯಾರೂ ಹೇಳದೆಯೇ ಮಾಡುತ್ತಿದ್ದಾಳೆ! ತೊಂದರೆ ಬರುವುದು ಮಗುವಿಗೆ ಎಂಟೊಂಬತ್ತು ವರ್ಷವಾಗಿ ಆಯಿಯ ಬೆನ್ನು ಸೋತಾಗ.

ಮಣ್ಣಿನ ಮಾತನ್ನೂ ಇಲ್ಲೇ ಆಡಿಬಿಡಬೇಕು. ಕೂರಲಾಗದ ಮಗುವಿಗೆ ಮೆತ್ತನೆಯ ಮರಳಿನಲ್ಲಿ ಸೊಂಟ ಹಿಡಿಯುವಷ್ಟು ತಗ್ಗು ಮಾಡಿ, ಕೂರಿಸಿ, ಸುತ್ತ ಓರಗೆಯ ಮಕ್ಕಳನ್ನು ಆಡಲು ಬಿಡುವುದು ಖರ್ಚಿಲ್ಲದ ಒಳ್ಳೆಯ ಉಪಾಯ. ಮಗುವಿನ ಎರಡೂ ಕೈ ಬಿಡುವಾಗಿರುತ್ತವೆ, ಬಿದ್ದರೂ ಪೆಟ್ಟಾಗದು. ಗ್ರಹಣದ ಗುಂಡಿಗೂ ಇದಕ್ಕೂ ಇರುವ ಅಂತರವನ್ನು ಯಾರಾದರೂ ಮನೆಗೆ ಹೋಗಿ ಮಾಡಿಯೇ ತೋರಿಸಬೇಕು, ಭಾಷಣದಲ್ಲಿ ಹೇಳಲಾಗದು.

[ಬಾಕ್ಸ್] ತಾಯಿ ಕಾರ್ಡ್ ತೆಗೆದು ನೋಡಿ

ನಾಲ್ಕೈದು ತಿಂಗಳಾದರೂ ಗೋಣು ನಿಲ್ಲದಿದ್ದರೆ, ಆರು ತಿಂಗಳಾದರೂ ಸದ್ದಿನತ್ತ ತಿರುಗದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಕಾಯಬೇಡಿ. ‘ನಮ್ಮ ಮನೆತನದಾಗ ಎಲ್ಲಾರೂ ತಡಾನ ನಡದಾರ’ ಎಂಬ ಸಮಾಧಾನಕ್ಕೆ ಕಿವಿಗೊಟ್ಟು ಎಷ್ಟೋ ಮಕ್ಕಳ ಒಳ್ಳೆಯ ವರ್ಷಗಳು ಕಳೆದಿವೆ.

2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಅಂಗನವಾಡಿಗೆ ಬಾರದ ಮಗುವನ್ನು ತಂಡ ನೋಡುವುದಿಲ್ಲ. ಬಾರದಿರುವ ಮಗುವಿಗೇ ಪರೀಕ್ಷೆ ಹೆಚ್ಚು ಬೇಕು.

ಮೂರು ಗಾಲಿ ಸ್ಕೂಟರಿನವರು

ಪಂಚಾಯಿತಿ ಕಚೇರಿಯಲ್ಲಿ ‘ವಿಆರ್‌ಡಬ್ಲ್ಯು ಎಲ್ಲಿ ಅದಾರ’ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ಪೂರ್ಣ ಹೆಸರು ಕಡತದಲ್ಲಷ್ಟೇ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಈ ಯೋಜನೆಗೆ ಒಂದೂವರೆ ದಶಕ ದಾಟಿದೆ. ಪಂಚಾಯಿತಿಗೊಬ್ಬರು, ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರೂ ಅಂಗವಿಕಲರೇ. ಪೋಲಿಯೊ ಕಾಲಿನ ಯುವಕನೊಬ್ಬ ಸ್ಕೂಟರ್ ಇಳಿದು ಕೋಲೂರಿ ಅಂಗಳಕ್ಕೆ ಬಂದನೆಂದರೆ, ಅವನು ಬಾಯಿ ತೆರೆಯುವ ಮೊದಲೇ ಮನೆಯವರಿಗೆ ಅರ್ಧ ಪಾಠವಾಗಿರುತ್ತದೆ. ಇಡೀ ದೇಶದಲ್ಲಿ ಇಂಥ ಏರ್ಪಾಡು ಇರುವ ರಾಜ್ಯಗಳು ಹೆಚ್ಚಿಲ್ಲ. ಇದು ನಮ್ಮ ಹೆಮ್ಮೆಯೇ.

ಆದರೆ ಅವರ ಚೀಲದಲ್ಲಿ ಏನಿರುತ್ತದೆ ನೋಡಿ. ಮಾಸಾಶನದ ಅರ್ಜಿ, ಅಂಗವಿಕಲರ ಗುರುತಿನ ಕಾರ್ಡಾದ ಯುಡಿಐಡಿಯ ಅರ್ಜಿ, ಬಸ್ ಪಾಸಿನ ಅರ್ಜಿ, ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಸಮೀಕ್ಷೆಯ ನಮೂನೆ. ಗಿಲಿಕೆ ಇಲ್ಲ, ಮಗುವಿನ ಮೊಣಕಾಲು ಎಷ್ಟು ಚಾಚುತ್ತದೆ ಎಂದು ಬರೆದಿಡುವ ಹಾಳೆ ಇಲ್ಲ.

ತಪ್ಪು ಅವರದಲ್ಲ. ಎಷ್ಟು ಕಾರ್ಡ್ ಆಯಿತು ಎಂದು ಮೇಲಿನವರು ಕೇಳುತ್ತಾರೆ. ಎಷ್ಟು ಮಕ್ಕಳ ಗೋಣು ನಿಂತಿತು ಎಂದು ಕೇಳುವುದಿಲ್ಲ. ಕೇಳದ ಕೆಲಸ ನಿಧಾನವಾಗಿ ಮರೆಯಾಗುತ್ತದೆ. ಪುನರ್ವಸತಿ ಕಾರ್ಯಕರ್ತರೆಂದು ನೇಮಿಸಿಕೊಂಡವರನ್ನು ನಾವು ಅರ್ಜಿ ಹೊರುವವರನ್ನಾಗಿ ಮಾಡಿದ್ದೇವೆ ಎಂಬುದು ಈ ಲೇಖಕನ ಆಪಾದನೆ.

ಕಾರ್ಡ್ ಬೇಡವೇ? ಬೇಕು. ಅದಿಲ್ಲದೆ ಮಾಸಾಶನವಿಲ್ಲ, ಸಾಧನವಿಲ್ಲ, ಪಾಸಿಲ್ಲ. ಆದರೆ ಅದನ್ನು ಮಾಡಿಸುವ ದಾರಿ ಉದ್ದ. ಮೂಳೆಯ ಡಾಕ್ಟರು ತಾಲ್ಲೂಕು ಶಿಬಿರಕ್ಕೆ ಬಂದಾರು. ಬುದ್ಧಿಮಟ್ಟದ ಪರೀಕ್ಷೆ, ಕಿವಿಯ ಬೇರಾ ಪರೀಕ್ಷೆ ಎಂದಾಗ ಜಿಲ್ಲಾ ಕೇಂದ್ರವೇ ಗತಿ. ಮುದ್ದೇಬಿಹಾಳದಿಂದ ವಿಜಯಪುರ ಎಂಬತ್ತು ಕಿಲೊಮೀಟರ್ ಹತ್ತಿರ, ಸಿಂದಗಿಯಿಂದ ಅರವತ್ತರ ಸುಮಾರು. ಕೈಕಾಲು ಸೆಟೆಯುವ ಹತ್ತು ವರ್ಷದ ಹುಡುಗನನ್ನು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿಸಿ ಅಷ್ಟು ದೂರ ಹೋಗಿ, ‘ಇವತ್ತು ಸಾಹೇಬ್ರು ರಜಾ’ ಎಂಬ ಮಾತು ಕೇಳಿ ಮರಳುವ ತಾಯಿಯ ಒಂದು ದಿನದ ಕೂಲಿಯೂ ಹೋಯಿತು. ಎರಡನೇ ಸಲ ಹೋಗಲು ಅವಳಿಗೆ ಗಟ್ಟಿ ಮನಸ್ಸು ಬೇಕು.

ಸಾಧನಗಳ ಕಥೆಯೂ ಇಂಥದೇ. ವೇದಿಕೆ, ಶಾಲು, ಫೋಟೊ, ಸಾಲಾಗಿ ಗಾಲಿಕುರ್ಚಿ. ಮಗು ಮನೆಗೆ ಬಂದ ಮೇಲೆ ನೋಡಿದರೆ ಕುರ್ಚಿ ದೊಡ್ಡವರ ಅಳತೆಯದು. ಪಾದ ಕೆಳಗೆ ಊರುವುದಿಲ್ಲ, ಸೊಂಟ ಒಂದು ಕಡೆ ಜಾರಿ ಬೆನ್ನು ಬಾಗುತ್ತದೆ. ಕುರ್ಚಿ ಮೈಗೆ ಹೊಂದಬೇಕು, ಹೊಂದಿಸುವವರು ಬೇಕು, ಆಗಾಗ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮಲ್ಲಿ ಅಂಥ ಎಷ್ಟೋ ಕುರ್ಚಿಗಳ ಮೇಲೆ ಈಗ ಜೋಳದ ಚೀಲ ಕೂತಿದೆ.

[ಬಾಕ್ಸ್] ಕಾಯ್ದೆಯಲ್ಲಿ ಇರುವುದು

1995ರ ಕಾಯ್ದೆ ಏಳು ಬಗೆಯ ಅಂಗವಿಕಲತೆಗಳನ್ನು ಗುರುತಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಅದನ್ನು 21ಕ್ಕೆ ಏರಿಸಿತು. ಆಟಿಸಂ, ಥಲಸೇಮಿಯಾ, ಕಲಿಕಾ ನ್ಯೂನತೆಗಳೂ ಈಗ ಪಟ್ಟಿಯಲ್ಲಿವೆ.

ಶೇ 40 ಹಾಗೂ ಹೆಚ್ಚಿನ ಅಂಗವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇತರ ಮಕ್ಕಳಿಗೆ ಅದು 14ಕ್ಕೆ ಮುಗಿಯುತ್ತದೆ.

ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ಆಗಬೇಕು. ಅಂಗವಿಕಲ ಮಕ್ಕಳನ್ನು ಪತ್ತೆಹಚ್ಚಲು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಯಬೇಕು.

ಯುಡಿಐಡಿ ಕಾರ್ಡಿನ ಪಟ್ಟಿಯ ಬಣ್ಣ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಶೇ 40ರಿಂದ 80ರೊಳಗೆ ಹಳದಿ, ಶೇ 80 ಹಾಗೂ ಹೆಚ್ಚಿದ್ದರೆ ನೀಲಿ.

ಹಾಜರಿ ಪುಸ್ತಕದಲ್ಲಿದ್ದಾನೆ

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ದೇಶದಲ್ಲಿ 5ರಿಂದ 19 ವಯಸ್ಸಿನ ಅಂಗವಿಕಲ ಮಕ್ಕಳಲ್ಲಿ ಶೇ 61ರಷ್ಟು ಮಂದಿ ಶಾಲೆಯಲ್ಲಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದವರು ಶೇ 27ರ ಹತ್ತಿರ. ಆಮೇಲೆ ಜನಗಣತಿಯೇ ಮುಂದೆ ಹೋಯಿತು, ಅಂಕಿಗಳು ಅಲ್ಲೇ ನಿಂತವು.

ಶಾಲೆಗಳಲ್ಲಿ ರ‍್ಯಾಂಪ್‌ಗಳಾಗಿವೆ. ಕೆಲವು ಕಡೆ ರ‍್ಯಾಂಪ್ ಏರಿದರೆ ತುದಿಯಲ್ಲಿ ಹೊಸ್ತಿಲು, ಹೊಸ್ತಿಲು ದಾಟಿದರೆ ಶೌಚಾಲಯಕ್ಕೆ ಮೂರು ಮೆಟ್ಟಿಲು. ಹುಡುಗಿಯರು ಐದನೇ ಇಯತ್ತೆ ದಾಟಿದ ಮೇಲೆ ಶಾಲೆ ಬಿಡುವುದಕ್ಕೆ ಈ ಮೂರು ಮೆಟ್ಟಿಲು ಸಾಕು. ಹತ್ತನೇ ತರಗತಿಯವರೆಗೆ ಹೇಗೋ ಬಂದವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು, ಹೆಚ್ಚಿನ ಸಮಯ, ಭಾಷಾ ವಿಷಯದಲ್ಲಿ ವಿನಾಯಿತಿ ಎಲ್ಲ ಇವೆ. ಅಲ್ಲಿಗೆ ಬರುವುದೇ ಕಷ್ಟ.

ಶಾಲೆಗೆ ಬರಲೇ ಆಗದ ತೀವ್ರ ಅಂಗವಿಕಲ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿತು. ಮಗುವಿನ ಹೆಸರು ಊರ ಶಾಲೆಯ ಹಾಜರಿಯಲ್ಲಿರುತ್ತದೆ, ಕಲಿಸುವವರು ಮನೆಗೆ ಬರಬೇಕು. ಬರುವವರು ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ. ಮುದ್ದೇಬಿಹಾಳದಂಥ ಹರಡಿದ ತಾಲ್ಲೂಕಿನಲ್ಲಿ, ತಾಂಡಾಗಳಿಗೆ ಬಸ್ಸೇ ಇಲ್ಲದ ಕಡೆ, ಒಬ್ಬ ಶಿಕ್ಷಕಿ ಒಂದು ಮಗುವನ್ನು ಎಷ್ಟು ಸಲ ನೋಡಿಯಾಳು? ತಾಂಡಾದ ಮಗುವಿಗೆ ಮತ್ತೊಂದು ಅಡ್ಡಿ ಇದೆ. ಮನೆಯಲ್ಲಿ ಆಡುವುದು ಲಂಬಾಣಿ. ಮಾತು ಬಾರದ ಕಾರಣ ಕಿವಿಯೋ, ಬುದ್ಧಿಯೋ, ಕೇಳದ ಭಾಷೆಯೋ ಎಂದು ಬೇರ್ಪಡಿಸಲು ಆ ಭಾಷೆ ಗೊತ್ತಿರುವವರೇ ಬೇಕು.

ಕಿವಿಯ ವಿಷಯ ಬಂದಾಗ ಹೇಳಲೇಬೇಕಾದ ಒಂದು ಮುಜುಗರದ ಮಾತಿದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಇಲ್ಲಿ ನೆಂಟಸ್ತನ ಗಟ್ಟಿಮಾಡುವ ಹಳೆಯ ದಾರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ನಾಲ್ಕು ಮದುವೆಗಳಲ್ಲಿ ಒಂದಕ್ಕೂ ಹೆಚ್ಚು ರಕ್ತಸಂಬಂಧದೊಳಗೆ ಆಗುತ್ತವೆ. ಅಂಥ ಮದುವೆಯ ಮಕ್ಕಳೆಲ್ಲರಿಗೂ ತೊಂದರೆಯಾಗುತ್ತದೆಂದಲ್ಲ, ಹೆಚ್ಚಿನವರು ಸುಖವಾಗಿರುತ್ತಾರೆ. ಆದರೆ ಹುಟ್ಟುಕಿವುಡೂ ಕೆಲವು ಆನುವಂಶಿಕ ಕಾಯಿಲೆಗಳೂ ಇಲ್ಲಿ ಹೆಚ್ಚು ಕಾಣುತ್ತವೆ. ಮೊದಲ ಮಗುವಿಗೆ ಹೀಗಾದ ಮೇಲೆ ಎರಡನೆಯದಕ್ಕೆ ಮುಂಚೆ ಡಾಕ್ಟರ ಜೊತೆ ಕೂತು ಮಾತಾಡಿದರೆ ಒಳಿತು. ನಡೆಯುವುದು ಬೇರೆ. ‘ಆಕಿ ಕಾಲ್ಗುಣ’ ಎಂದು ಸೊಸೆಯ ಮೇಲೆ ಹೊರಿಸಿ, ದೇವರ ಹರಕೆ ಹೊತ್ತು, ಮುಂದಿನ ಮಗುವಿಗಾಗಿ ಕಾಯುವುದು. ಸೊಸೆ ಮನೆಯದೇ ರಕ್ತ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಡಿಸೆಂಬರ್ 3ಕ್ಕೆ ಊರಲ್ಲಿ ಯಾರಿರುತ್ತಾರೆ?

ಅಂಗವಿಕಲರ ಅಂತರರಾಷ್ಟ್ರೀಯ ದಿನವನ್ನು ಡಿಸೆಂಬರ್ 3ಕ್ಕೆ ವಿಶ್ವಸಂಸ್ಥೆ ನಿಗದಿ ಮಾಡಿದ್ದು 1992ರಲ್ಲಿ. ಜಿಲ್ಲಾ ಕೇಂದ್ರದಲ್ಲಿ ಅಂದು ಕ್ರೀಡೆ, ಸನ್ಮಾನ, ಭಾಷಣ ನಡೆಯುತ್ತವೆ. ನಡೆಯಲಿ. ಆದರೆ ಆ ಹೊತ್ತಿಗೆ ಕಬ್ಬಿನ ಹಂಗಾಮು ಏರುಮುಖದಲ್ಲಿರುತ್ತದೆ, ಈ ನಾಲ್ಕು ತಾಲ್ಲೂಕುಗಳ ಎಷ್ಟೋ ತಾಯಂದಿರು ಅಂದು ಗದ್ದೆಯಲ್ಲಿರುತ್ತಾರೆ.

ಹಂಗಾಮಿಗೆ ತಕ್ಕಂತೆ ಕೆಲಸ ಹೊಂದಿಸುವುದು ದೊಡ್ಡ ವಿದ್ಯೆಯಲ್ಲ. ರೈತ ಸಂಪರ್ಕ ಕೇಂದ್ರ ಬಿತ್ತನೆ ನೋಡಿ ಬೀಜ ಕೊಡುತ್ತದೆ. ಪುನರ್ವಸತಿಯವರೂ ಗುಳೆ ನೋಡಿ ನಡೆದುಕೊಳ್ಳಬಹುದು. ದಸರಾದಿಂದ ದೀಪಾವಳಿಯೊಳಗೆ, ಟ್ರ್ಯಾಕ್ಟರ್ ಬರುವ ಮುಂಚೆ, ಪ್ರತಿ ಮನೆಯಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಬರೆದುಕೊಳ್ಳಬೇಕು. ಉಳಿಯುವವಳು ಆಯಿಯಾದರೆ ತರಬೇತಿ ಅವಳಿಗೇ. ಅವಳಿಗೆ ಓದಲು ಬಾರದು, ಕೈಪಿಡಿ ಬೇಡ. ಅವಳ ಅಂಗಳದಲ್ಲೇ ಮಾಡಿಸಿ, ಮೊಮ್ಮಗನ ಮೊಬೈಲಿನಲ್ಲಿ ಅವಳದೇ ವಿಡಿಯೊ ಹಿಡಿದಿಟ್ಟರೆ ಮರೆತಾಗ ನೋಡಿಕೊಳ್ಳುತ್ತಾಳೆ. ಮಗು ಗ್ಯಾಂಗಿನ ಜೊತೆ ಹೋದರೆ ಪ್ಲಾಸ್ಟರ್, ಬ್ರೇಸ್, ಮೂರ್ಛೆಯ ಮಾತ್ರೆಯ ಚೀಟಿ ಜೊತೆಗೆ ಹೋಗಬೇಕು. ಮೂರ್ಛೆಯ ಮಾತ್ರೆ ಒಮ್ಮೆಲೇ ನಿಂತರೆ ಮೂರ್ಛೆ ಜೋರಾಗಿ ಮರುಕಳಿಸುತ್ತದೆ. ಹೋದ ಕಡೆ ಮಾತ್ರೆ ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿದಿರಬೇಕು.

ಇದಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಂಚಾಯಿತಿಯಲ್ಲೇ ಇದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಕಂದಾಯ ವಸೂಲಿ ಕಡಿಮೆಯಿರುವ ಪಂಚಾಯಿತಿಯಲ್ಲಿ ಅದು ದೊಡ್ಡ ಮೊತ್ತವಾಗದು, ನಿಜ. ಬಿದಿರು ಗಳು, ಒಂದು ಚಾಪೆ, ಆಟಿಕೆಯ ಪೆಟ್ಟಿಗೆ, ವಿಜಯಪುರಕ್ಕೆ ಒಂದು ಜೀಪಿನ ಬಾಡಿಗೆಗೆ ಸಾಕಾದೀತು. ಮಕ್ಕಳನ್ನು ಒಟ್ಟಿಗೆ ಒಯ್ದರೆ ತಾಯಂದಿರು ಬಸ್ ಮೆಟ್ಟಿಲಿನ ಜೊತೆ ಗುದ್ದಾಡಬೇಕಿಲ್ಲ, ಸಾಹೇಬರು ರಜೆಯೋ ಅಲ್ಲವೋ ಎಂದು ಕಾರ್ಯಕರ್ತರು ಮೊದಲೇ ಫೋನ್ ಮಾಡಿ ಕೇಳಿರುತ್ತಾರೆ.

ಅಂಗವಿಕಲರ ಸಮನ್ವಯ ಗ್ರಾಮಸಭೆ ನಡೆಸುವ ಏರ್ಪಾಡೂ ಇದೆ. ಸಭೆಗೆ ಬರುವವರು ಹೆಚ್ಚಾಗಿ ದೊಡ್ಡವರು. ಅವರಿಗೆ ಮಾಸಾಶನದ, ಸ್ಕೂಟರಿನ ಚಿಂತೆ. ಮಗುವಿನ ಪರವಾಗಿ ಮಾತಾಡಬೇಕಾದ ತಂದೆ–ತಾಯಿ ಗದ್ದೆಯಲ್ಲಿ, ಆಯಿ ಮಗುವನ್ನು ಬಿಟ್ಟು ಬರಲಾರಳು. ಸಭೆಯನ್ನು ವರ್ಷಕ್ಕೆ ಎರಡು ಸಲ, ದೀಪಾವಳಿಗೆ ಮುಂಚೆ ಒಂದು, ಯುಗಾದಿ ಕಳೆದ ಮೇಲೆ ಒಂದು ಎಂದು ಪಂಚಾಯಿತಿಯೇ ಗೊತ್ತುಮಾಡಬಹುದು. ಮೊದಲನೆಯದರಲ್ಲಿ ಯಾವ ಮಗು ಯಾರ ಬಳಿ ಉಳಿಯುತ್ತದೆ ಎಂಬ ಪಟ್ಟಿ ಓದಬೇಕು. ಎರಡನೆಯದರಲ್ಲಿ ಊರಿಗೆ ಮರಳಿದ ತಾಯಂದಿರು ಲೆಕ್ಕ ಕೇಳಬಹುದು: ನಮ್ಮ ಮನೆಗೆ ಎಷ್ಟು ಸಲ ಬಂದಿರಿ, ಶೇ 5ರಲ್ಲಿ ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿದೆ.